ಶಾಲೆ ಬಿಟ್ಟ ಮೇಲೆ, ಕತ್ತಲಾಗುವ ಮೊದಲು

ಕಾಸರಗೋಡು ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯ ಪಿಟಿಎ ಸಭೆ. ಜೋರು ಮಳೆ, ಅರ್ಧ ಕುರ್ಚಿ ಖಾಲಿ. ಹೆಡ್‌ಮಾಸ್ಟ್ರು ಮೇಜಿನ ಮೇಲೆ ಒಂದು ಉಪ್ಪಿನಕಾಯಿ ಬಾಟ್ಲಿ ಇಟ್ಟರು. ಒಳಗೆ ಇದ್ದದ್ದು ಸಣ್ಣ ಸಣ್ಣ ಬಿಳಿ ಚೀಲಗಳು, ಒಂದಿಪ್ಪತ್ತು. ಕೆಲವು ಒಣಗಿ ಹಳದಿಯಾಗಿದ್ದವು. ಶೌಚಾಲಯದ ಹಿಂದೆ ಗುಡಿಸುವಾಗ ಸಿಕ್ಕಿದ್ದಂತೆ.

"ಇದು ಎಂತದ್ದು ಅಂತ ಯಾರಿಗಾದರೂ ಗೊತ್ತುಂಟಾ?"

ಮುಂದಿನ ಸಾಲಿನ ಒಬ್ಬ ತಾಯಿ ಬಗ್ಗಿ ನೋಡಿದರು. "ಹೊಸ ಚಪ್ಪಲಿಯ ಬಾಕ್ಸಲ್ಲಿ ಬರ್ತದಲ್ಲ ಮಾಸ್ಟ್ರೇ, ತೇವ ಹೀರುವುದು. ಅದಲ್ವಾ?"

ಅಮ್ಮನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಏಳನೇ ಕ್ಲಾಸಿನ ಹುಡುಗನೊಬ್ಬ ಕಿಸಕ್ಕನೆ ನಕ್ಕ. ಆ ಕೋಣೆಯಲ್ಲಿ ಸರಿ ಉತ್ತರ ಗೊತ್ತಿದ್ದದ್ದು ಹೆಡ್‌ಮಾಸ್ಟ್ರಿಗೆ ಮತ್ತು ಅವನಿಗೆ.

ಅದು ಹೊಗೆಸೊಪ್ಪಿನ ಪುಡಿ ತುಂಬಿದ ಚೀಲ. ತುಟಿಯ ಒಳಗೆ ಒಸಡಿಗೆ ತಾಗಿಸಿ ಇಡುವುದು. ಹೊಗೆ ಇಲ್ಲ, ಉಗುಳುವ ರಗಳೆ ಇಲ್ಲ, ಬಾಯಿ ವಾಸನೆಯ ಬದಲು ಪುದೀನದ ಪರಿಮಳ. ಗಣಿತ ಪಾಠ ನಡೆಯುವಾಗಲೂ ಬಾಯಲ್ಲಿಟ್ಟು ಕೂರಬಹುದು. 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಈ ಜಾತಿಯ ಒಂದು ಉತ್ಪನ್ನ ಶಾಲೆ ಮಕ್ಕಳ ಕೈಗೆ ಸಿಗುತ್ತಿರುವ ಬಗ್ಗೆ ಗರಂ ಆಗಿತ್ತು. ಕೇರಳದಲ್ಲಂತೂ ಗುಟ್ಕಾ, ಹೊಗೆಸೊಪ್ಪು ಬೆರೆಸಿದ ಪಾನ್ ಮಸಾಲ 2012ರಿಂದಲೇ ನಿಷೇಧ. ನಿಷೇಧ ಕಾಗದದಲ್ಲಿತ್ತು, ಚೀಲ ಬಾಟ್ಲಿಯಲ್ಲಿತ್ತು.

ಸಭೆ ಮುಗಿಯುವ ಹೊತ್ತಿಗೆ ಒಬ್ಬರು ಎದ್ದು, "ಒಂದು ಜಾಗೃತಿ ಜಾಥಾ ಮಾಡುವ" ಎಂದರು. ಎಲ್ಲರೂ ತಲೆಯಾಡಿಸಿದರು. ನನಗೆ ಆ ಕ್ಷಣದಲ್ಲೇ ಸಂಶಯ ಬಂತು. ನಕ್ಕ ಹುಡುಗನಿಗೆ ಜಾಗೃತಿಯ ಕೊರತೆ ಇರಲಿಲ್ಲ. ಮಾಹಿತಿ ಅವನ ಹತ್ತಿರವೇ ಜಾಸ್ತಿ ಇತ್ತು. ಹಾಗಾದರೆ ಇಲ್ಲದೇ ಇದ್ದದ್ದು ಏನು?

ಪೇಪರಿನ ಮೊದಲ ಪುಟಕ್ಕೆ ಬರುವುದು ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತು. ಒಂದು ಕಾರು, ಇಷ್ಟು ಗ್ರಾಮು, ಬಂಧಿತನ ಫೋಟೋ. ಓದಿದವರು "ಕಾಲ ಕೆಟ್ಟುಹೋಯಿತು" ಎಂದು ಪುಟ ತಿರುಗಿಸುತ್ತಾರೆ. ನಮ್ಮ ಮನೆಯ ಹುಡುಗನಿಗೂ ಆ ಕಾರಿಗೂ ಸಂಬಂಧ ಕಾಣುವುದಿಲ್ಲ. ಆದರೆ ಹದಿಮೂರರ ಹುಡುಗ ನೇರ ಎಂಡಿಎಂಎಗೆ ಹೋಗುವುದು ಅಪರೂಪ. ಶುರುವಾಗುವುದು ಕೈಗೆ ಸುಲಭವಾಗಿ ಸಿಗುವುದರಿಂದ, ಮನೆಯವರು ದೊಡ್ಡ ತಪ್ಪು ಅಂತ ಎಣಿಸದ ವಸ್ತುವಿನಿಂದ. ನಮ್ಮಲ್ಲಿ ಅದು ಎಲೆಅಡಿಕೆ ತಟ್ಟೆ. ಅಜ್ಜನ ತಟ್ಟೆಯಿಂದ ಅಡಿಕೆ ಹೋಳು ಕದ್ದು ಬಾಯಿಗೆ ಹಾಕದ ಮಕ್ಕಳು ನಮ್ಮ ಕಡೆ ಕಡಿಮೆ. ಪಕ್ಕದಲ್ಲೇ ಹೊಗೆಸೊಪ್ಪಿನ ತುಂಡೂ ಇರುತ್ತದೆ. ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಮನೆಗಳಿವೆ. ಅಲ್ಲಿ ಹೊಗೆಸೊಪ್ಪಿನ ಪುಡಿ ಎಂದರೆ ಅನ್ನ. ನಮ್ಮದೇ ಜಿಲ್ಲೆಯ ಹೊಸದುರ್ಗ ತಾಲೂಕಿನ ಕರಾವಳಿಯಲ್ಲಿ ಹೊಗೆಸೊಪ್ಪಿನ ಬೇಸಾಯವೇ ಇತ್ತು. ಹೀಗಿರುವಾಗ ಮಗುವಿಗೆ "ಹೊಗೆಸೊಪ್ಪು ವಿಷ" ಅಂತ ಹೇಳಿ ನೋಡಿ. ಅದು ಮೊದಲು ಅಜ್ಜನ ತಟ್ಟೆಯ ಕಡೆ ನೋಡುತ್ತದೆ, ಆಮೇಲೆ ನಿಮ್ಮ ಮುಖ ನೋಡುತ್ತದೆ.

ಎರಡನೆಯದು ಮದ್ಯ. ಕಾಸರಗೋಡಿನ ಕನ್ನಡ ಪತ್ರಿಕೆಗಳಲ್ಲಿ "ಕರ್ನಾಟಕ ನಿರ್ಮಿತ ಮದ್ಯ ವಶ" ಎಂಬ ಸಣ್ಣ ಸುದ್ದಿ ಹೆಚ್ಚುಕಡಿಮೆ ಖಾಯಂ. 180 ಮಿಲಿಯ ಟೆಟ್ರಾ ಪ್ಯಾಕೆಟ್. ನೋಡಲು ಜ್ಯೂಸ್ ಪ್ಯಾಕೆಟಿನ ಹಾಗೆ. ಒಡೆಯುವುದಿಲ್ಲ, ಬ್ಯಾಗಿನಲ್ಲಿ ಸದ್ದು ಮಾಡುವುದಿಲ್ಲ. ಕೇರಳದ ಕಾನೂನಿನಂತೆ 23 ವರ್ಷ ತುಂಬದವರಿಗೆ ಮದ್ಯ ಮಾರುವ ಹಾಗಿಲ್ಲ. ಆದರೆ ಗಡಿಯಾಚೆಯಿಂದ ತಂದು ಗುಡ್ಡೆಯ ಬದಿಯಲ್ಲಿ ಮಾರುವವನು ವಯಸ್ಸು ಕೇಳುತ್ತಾನಾ?

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ. 14.6. ಗಾಂಜಾ, ಭಂಗಿ ಎಲ್ಲ ಸೇರಿ ಶೇ. 2.8. ಇದರಲ್ಲಿ ನನ್ನನ್ನು ನಿಲ್ಲಿಸಿದ್ದು ಬೇರೆಯೇ ಒಂದು ಸಾಲು. ಮೂಸುವ ವಸ್ತುಗಳು, ಅಂದರೆ ಅಂಟು, ಥಿನ್ನರ್‌ನಂಥವು. ದೊಡ್ಡವರಲ್ಲಿ ಇದರ ಬಳಕೆ ಶೇ. 0.58, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 1.17. ದೊಡ್ಡವರಿಗಿಂತ ಮಕ್ಕಳೇ ಮುಂದಿರುವ ಏಕೈಕ ವಸ್ತು ಅದು. ಇದಕ್ಕೆ ಕಳ್ಳಸಾಗಣೆ ಬೇಡ, ಗಡಿ ಬೇಡ, ಏಜೆಂಟ್ ಬೇಡ. ಸ್ಟೇಷನರಿ ಅಂಗಡಿ ಸಾಕು.

ಗಡಿಯ ಮಾತು ಬಂತಲ್ಲ. ಕರ್ನಾಟಕದವರನ್ನು ಕೇಳಿದರೆ ಎಲ್ಲ ಕೇರಳದಿಂದ ಬರುತ್ತದೆ ಎನ್ನುತ್ತಾರೆ. ಕೇರಳದವರು ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ. ನಾವು ನಡುವೆ ಇರುವವರು, ಎರಡೂ ಕಡೆಯ ಬೈಗುಳಕ್ಕೆ ನಾವೇ. ಗಡಿ ಎಂದರೆ ಹೊರಗಿನವರಿಗೆ ತಲಪಾಡಿಯ ಗೇಟು. ಇಲ್ಲಿಯವರಿಗೆ ಗೊತ್ತು, ವರ್ಕಾಡಿ, ಪೈವಳಿಕೆ, ಎಣ್ಮಕಜೆ, ದೇಲಂಪಾಡಿ ಕಡೆ ಯಾರದೋ ತೋಟದ ಬೇಲಿಯೂ ಗಡಿಯೇ. ಕೊರೊನಾ ಬಂದ 2020ರ ಮಾರ್ಚಿನಲ್ಲಿ ಕರ್ನಾಟಕ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತಲ್ಲ, ಆಗ ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು, ಕಾಲುದಾರಿ ನಿಲ್ಲಲಿಲ್ಲ. ಒಂದು ಬದಿಯಲ್ಲಿ ಸಲೀಸಾಗಿ ಸಿಗುವುದು ಇನ್ನೊಂದು ಬದಿಯಲ್ಲಿ ನಿಷಿದ್ಧ ಅಥವಾ ದುಬಾರಿ ಆಗಿದ್ದರೆ, ಆ ವ್ಯತ್ಯಾಸದಲ್ಲೇ ಒಬ್ಬನಿಗೆ ವ್ಯಾಪಾರ ಹುಟ್ಟುತ್ತದೆ. ಎರಡು ರಾಜ್ಯಗಳ ಪೊಲೀಸ್, ಎರಡು ಅಬಕಾರಿ ಇಲಾಖೆ. ತಪಾಸಣೆ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಗಡಿಯನ್ನು ಎಷ್ಟು ಬಿಗಿ ಮಾಡಿದರೂ ಊರಿನ ಒಳಗೆ ಬೇಕೆನ್ನುವವರು ಇದ್ದರೆ ಬರುವುದು ಬಂದೇ ಬರುತ್ತದೆ. ಹಾಗಾಗಿ ನನ್ನ ಗಮನ ಗೇಟಿನ ಮೇಲೆ ಕಡಿಮೆ, ಬೇಕೆನಿಸುವ ಹೊತ್ತಿನ ಮೇಲೆ ಜಾಸ್ತಿ.

ಹದಿಹರೆಯದಲ್ಲೇ ಇದು ಯಾಕೆ ಇಷ್ಟು ಬೇಗ ಹಿಡಿಯುತ್ತದೆ ಎಂಬುದಕ್ಕೆ ಸರಳ ಕಾರಣ ಇದೆ. ಮೆದುಳಿನಲ್ಲಿ ಖುಷಿ, ರೋಮಾಂಚನ ಬೇಡುವ ಭಾಗ ಹದಿಮೂರು ಹದಿನಾಲ್ಕಕ್ಕೇ ಚುರುಕಾಗುತ್ತದೆ. "ನಿಲ್ಲು, ನಾಳೆ ಏನಾಗುತ್ತದೆ ಯೋಚಿಸು" ಎನ್ನುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಕ್ಕೆ. ಈ ನಡುವಿನ ಹತ್ತು ವರ್ಷ ಗೆಳೆಯರ ಮಾತೇ ವೇದ. ಅಭ್ಯಾಸ ಎಷ್ಟು ಸಣ್ಣ ವಯಸ್ಸಿನಲ್ಲಿ ಶುರುವಾಗುತ್ತದೋ ಅಷ್ಟು ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ತಡೆಯುವವರು "ಎಂದಿಗೂ ಮುಟ್ಟಬೇಡ" ಅನ್ನುವುದಕ್ಕಿಂತ "ಈಗ ಬೇಡ" ಅನ್ನುವುದರ ಮೇಲೆ ಶ್ರಮ ಹಾಕುತ್ತಾರೆ. ಎರಡು ವರ್ಷ ಮುಂದೆ ಹಾಕಿದರೂ ಅದು ಗೆಲುವೇ.

ಬ್ಯಾನರ್ ಕಟ್ಟಿದ್ದಾಯಿತು

ಕೇರಳ ಸುಮ್ನೆ ಕೂತಿಲ್ಲ. ವ್ಯಸನ ಬಿಡಿಸಲು ಅಬಕಾರಿ ಇಲಾಖೆಯ ವಿಮುಕ್ತಿ ಮಿಷನ್ 2016ರಲ್ಲಿ ಶುರುವಾಯಿತು. 2010ರಿಂದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಇದೆ. 2022ರ ಅಕ್ಟೋಬರಿನಲ್ಲಿ ದೊಡ್ಡ ಅಭಿಯಾನ, ನವೆಂಬರ್ 1ಕ್ಕೆ ರಾಜ್ಯ ಇಡೀ ಮಾನವ ಸರಪಳಿ. 2025ರಲ್ಲಿ ಪೊಲೀಸರ ಆಪರೇಷನ್ ಡಿ-ಹಂಟ್, ಅದೇ ವರ್ಷ ಶಾಲೆಗಳಲ್ಲಿ ಝುಂಬಾ ಎಂಬ ಕುಣಿತದ ವ್ಯಾಯಾಮ. ಪ್ರತಿ ಜೂನ್ 26ಕ್ಕೆ, ಮಾದಕ ವಸ್ತು ವಿರೋಧಿ ದಿನ ಅಂತ, ಪ್ರತಿಜ್ಞೆ, ಫ್ಲ್ಯಾಶ್ ಮಾಬ್, ಪೋಸ್ಟರ್ ಸ್ಪರ್ಧೆ. ಪೋಸ್ಟರಿನಲ್ಲಿ ಒಂದು ತಲೆಬುರುಡೆ, ಒಂದು ಸಿರಿಂಜು ಇರಲೇಬೇಕು. ಬಹುಮಾನ ಬರುವುದು ಬುರುಡೆ ಚೆನ್ನಾಗಿ ಬಿಡಿಸಿದವನಿಗೆ.

ಈ ಮಾತು ತಮಾಷೆಗೆ ಹೇಳಿದ್ದಲ್ಲ. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ 2013ರಲ್ಲಿ ತಡೆಗಟ್ಟುವಿಕೆಯ ಮಾನದಂಡಗಳನ್ನು ಪ್ರಕಟಿಸಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ಎರಡನೇ ಆವೃತ್ತಿ ತಂದಿತು. ಬೇರೆ ಬೇರೆ ದೇಶಗಳ ಅಧ್ಯಯನ ಜರಡಿ ಹಿಡಿದು ಅವರು ಕಂಡದ್ದು ಇಷ್ಟು: ಬರೀ ಮಾಹಿತಿ ಕೊಡುವುದು, ಹೆದರಿಸುವುದು, ಬಿಟ್ಟವರನ್ನು ಕರೆತಂದು ವೇದಿಕೆಯಲ್ಲಿ ಕಥೆ ಹೇಳಿಸುವುದು, ಇವುಗಳಿಂದ ಮಕ್ಕಳ ಬಳಕೆ ತಗ್ಗುವುದಿಲ್ಲ. ಫಲ ಕಂಡದ್ದು ತಂದೆತಾಯಿಗೆ ಮಕ್ಕಳ ಜೊತೆ ಮಾತಾಡುವ, ಮಿತಿ ಹಾಕುವ ತರಬೇತಿ ಕೊಟ್ಟಲ್ಲಿ. ಮಕ್ಕಳಿಗೆ ಗೆಳೆಯರಿಗೆ "ಬೇಡ" ಅನ್ನುವುದನ್ನು ಆಡಿ ಆಡಿ ರೂಢಿ ಮಾಡಿಸಿದಲ್ಲಿ. ಹೊಗೆಸೊಪ್ಪು, ಮದ್ಯ ಸುಲಭವಾಗಿ ಸಿಗದ ಹಾಗೆ ಮಾಡಿದಲ್ಲಿ. ಇವೆಲ್ಲ ನಿಧಾನದ ಕೆಲಸ. ಫೋಟೋ ಚೆನ್ನಾಗಿ ಬರುವುದಿಲ್ಲ.

ನಮ್ಮ ಊರಿಗೆ ಇನ್ನೊಂದು ತೊಡಕು ಉಂಟು, ಅದು ಭಾಷೆಯದ್ದು. ಮಲಯಾಳದಲ್ಲಿ ಅಮಲಿಗೆ 'ಲಹರಿ' ಅನ್ನುತ್ತಾರೆ. ಕನ್ನಡದಲ್ಲಿ ಲಹರಿ ಎಂದರೆ ಮನಸ್ಸಿನ ತೇಲು, ಹಾಡಿನ ಗುಂಗು. ಒಮ್ಮೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬ್ಯಾನರ್ ನೋಡಿ, "ಲಹರಿ ಬೇಡ ಅಂದರೆ ಪದ್ಯ ಹೇಳಬಾರದಾ ಟೀಚರ್?" ಅಂತ ಕೇಳಿದಳು. ಟೀಚರ್ ನಕ್ಕರು, ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ನಗುವ ವಿಷಯ ಅಲ್ಲ. ಬ್ಯಾನರಿನ ಪದ ತಪ್ಪಿದರೆ ಪರವಾಗಿಲ್ಲ, ಯಾರಾದರೂ ಅರ್ಥ ಹೇಳಿಯಾರು. ಆದರೆ ಹೆದರಿದ ಮಗುವಿನ ಮಾತು ಹೊರಗೆ ಬರುವುದು ಮನೆಮಾತಿನಲ್ಲಿ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಕೌನ್ಸೆಲರ್ ಟೀಚರಿಗೆ ಬರುವುದು ಮಲಯಾಳ ಮಾತ್ರ ಅಂತಾದರೆ, ಮಗು ಏನು ಹೇಳೀತು? "ಏನಿಲ್ಲ ಟೀಚರ್" ಅನ್ನುತ್ತದೆ. ಆ ಎರಡು ಪದ ಯಾವ ಭಾಷೆಯಲ್ಲೂ ಸುಲಭ.

ಝುಂಬಾದ ಬಗ್ಗೆ ಒಂದು ಮಾತು. ಅದರ ಉಡುಪು, ಹುಡುಗ ಹುಡುಗಿ ಒಟ್ಟಿಗೆ ಕುಣಿಯುವುದು, ಇವುಗಳ ಮೇಲೆ ಕೆಲವು ಧಾರ್ಮಿಕ ಸಂಘಟನೆಗಳು ತಕರಾರು ಎತ್ತಿದವು. ವಾರಗಟ್ಟಲೆ ಚರ್ಚೆ ಅದರ ಸುತ್ತಲೇ ತಿರುಗಿತು. ಮೈ ಆಡಿಸಿದರೆ ಮನಸ್ಸಿನ ಭಾರ ಇಳಿಯುತ್ತದೆ ಎಂಬ ಯೋಚನೆಯಲ್ಲಿ ತಪ್ಪಿಲ್ಲ. ನನ್ನ ತಕರಾರು ಬೇರೆ. ಶಾಲೆಯ ಒಳಗಿರುವಾಗ ಮಗು ಹೇಗೂ ಯಾರದೋ ಕಣ್ಣಿನಲ್ಲಿ ಇರುತ್ತದೆ. ಕುಣಿಸಬೇಕಾದದ್ದು ಗಂಟೆ ಹೊಡೆದ ಮೇಲೆ.

ನಾಲ್ಕರಿಂದ ಏಳು

ಶಾಲೆ ಬಿಡುವುದು ನಾಲ್ಕು ಗಂಟೆಯ ಹೊತ್ತಿಗೆ. ಮನೆಗೆ ದೊಡ್ಡವರು ಬರುವುದು ಆರೂವರೆ, ಏಳಕ್ಕೆ. ಅಪ್ಪ ಗಲ್ಫಿನಲ್ಲಿದ್ದರೆ ಬರುವ ಪ್ರಶ್ನೆಯೇ ಇಲ್ಲ. ವಿಡಿಯೋ ಕಾಲಿನಲ್ಲಿ ಮಗನ ಹೊಸ ಶೂ ಕಾಣುತ್ತದೆ, ಕಣ್ಣು ಕೆಂಪಾದದ್ದು ಕಾಣುವುದಿಲ್ಲ. ಈ ಎರಡು ಮೂರು ಗಂಟೆ ಹುಡುಗ ಎಲ್ಲಿರುತ್ತಾನೆ? ಬಸ್‌ಸ್ಟ್ಯಾಂಡಿನಲ್ಲಿ, ಅರ್ಧಕ್ಕೆ ನಿಂತ ಕಟ್ಟಡದಲ್ಲಿ, ಸೇತುವೆಯ ಅಡಿಯಲ್ಲಿ, ಗೆಳೆಯನ ಅಣ್ಣನ ಬೈಕಿನ ಹಿಂದೆ.

ಈ ಹೊತ್ತನ್ನು ಗಂಭೀರವಾಗಿ ತೆಗೆದುಕೊಂಡ ದೇಶ ಐಸ್‌ಲ್ಯಾಂಡ್. 1998ರಲ್ಲಿ ಅಲ್ಲಿಯ 15, 16 ವರ್ಷದವರಲ್ಲಿ ಶೇ. 42ರಷ್ಟು ಮಕ್ಕಳು ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದವರು. 2016ಕ್ಕೆ ಅದು ಶೇ. 5ಕ್ಕೆ ಇಳಿಯಿತು. ದಿನಾ ಸಿಗರೇಟ್ ಸೇದುವವರು ಶೇ. 23ರಿಂದ 3ಕ್ಕೆ ಬಂದರು. ಅವರು ಮಾಡಿದ್ದು ಭಾಷಣ ಅಲ್ಲ. ಮಕ್ಕಳ ಆಟ, ಸಂಗೀತಕ್ಕೆ ಸರ್ಕಾರವೇ ದುಡ್ಡು ಕೊಟ್ಟಿತು. ರಾತ್ರಿ ಇಷ್ಟು ಗಂಟೆಯ ಮೇಲೆ ಮಕ್ಕಳು ಹೊರಗೆ ಇರಬಾರದು ಎಂದು ಕಾನೂನು ತಂದಿತು. ತಂದೆತಾಯಿ ಗುಂಪು ಕಟ್ಟಿ ಸಂಜೆ ಬೀದಿ ಸುತ್ತಿದರು. ವರ್ಷ ವರ್ಷ ಮಕ್ಕಳನ್ನೇ ಕೇಳಿ ಲೆಕ್ಕ ತೆಗೆದು, ಅದನ್ನು ಆಯಾ ಊರಿನವರ ಮುಂದೆ ಇಟ್ಟರು. ಅದು ನಾಲ್ಕು ಲಕ್ಷವೂ ಜನ ಇಲ್ಲದ ಶ್ರೀಮಂತ ದೇಶ ಎಂಬುದು ನಿಜ, ಅದನ್ನು ಹಾಗೇ ಎತ್ತಿ ಬದಿಯಡ್ಕದಲ್ಲಿ ನೆಡಲು ಆಗುವುದಿಲ್ಲ. ಆದರೆ ಸಂಜೆಯ ಹೊತ್ತು ತುಂಬಿಸುವ ಸಾಮಾನು ನಮ್ಮಲ್ಲಿ ಅವರಿಗಿಂತ ಕಡಿಮೆ ಇಲ್ಲ.

ಮೊಗ್ರಾಲಿಗೆ ಫುಟ್‌ಬಾಲಿನ ಹೆಸರಿದೆ. ಕುಂಬಳೆ ಯಕ್ಷಗಾನದ ಪಾರ್ತಿಸುಬ್ಬನ ಊರು. ಹಳ್ಳಿ ಹಳ್ಳಿಯಲ್ಲಿ ಭಜನಾ ಮಂದಿರ, ಮದ್ರಸ, ಗ್ರಂಥಾಲಯ. ಜಂಕ್ಷನ್ನಿಗೊಂದು ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್. ಹೆಂಗಸರ ಸ್ವಸಹಾಯ ಗುಂಪುಗಳ ಕುಟುಂಬಶ್ರೀ 1998ರಿಂದ ವಾರ್ಡ್ ವಾರ್ಡಿನಲ್ಲಿ ಬೇರು ಬಿಟ್ಟಿದೆ, ಅದರ ಕೆಳಗೆ ಮಕ್ಕಳ ಬಾಲಸಭೆಯೂ ಇದೆ. ಇವು ಯಾವುದೂ ಮಾದಕ ವಿರೋಧಿ ಸಂಸ್ಥೆ ಅಂತ ಬೋರ್ಡು ಹಾಕಿಕೊಂಡಿಲ್ಲ. ಆದರೆ ಹದಿನಾಲ್ಕರ ಹುಡುಗನನ್ನು ಸಂಜೆ ಐದಕ್ಕೆ ಒಂದು ಜಾಗಕ್ಕೆ ಬರುವ ಹಾಗೆ ಮಾಡುವ ಶಕ್ತಿ ಇರುವುದು ಇವಕ್ಕೇ.

ನಾನು ನೋಡಿದ ಒಂದು ಕಬಡ್ಡಿ ತಂಡ ಇದೆ. ಊರಿನ ಹೆಸರು ಬೇಡ. ತರಬೇತಿ ಕೊಡುವವರು ಅಡಿಕೆ ಸುಲಿಯುವ ಕೆಲಸದವರು, ಮಕ್ಕಳಿಗೆ ಅಣ್ಣ. ಅವರ ಹತ್ತಿರ ಒಂದು ಹಳೆ ನೋಟ್‌ಬುಕ್ ಇದೆ. ದಿನಾ ಹಾಜರಿ. ಎರಡು ದಿನ ಹೆಸರಿನ ಮುಂದೆ ಗೀಟು ಬಿತ್ತೋ, ಮೂರನೇ ದಿನ ಅವರ ಬೈಕು ಆ ಹುಡುಗನ ಮನೆ ಅಂಗಳದಲ್ಲಿ. ಒಂದು ಸಲ ಜೊತೆಗೆ ಹೋಗಿದ್ದೆ.

"ಎಂತ ಮಾರಾಯ, ಕಾಲು ನೋವಾ?"

"ಇಲ್ಲ ಅಣ್ಣ. ಸುಮ್ನೆ."

"ಸುಮ್ನೆ ಅಂದರೆ ಸುಮ್ನೆಯೇ. ನಾಳೆ ಬಾ. ನೀನಿಲ್ಲದೆ ರೈಟ್ ಕಾರ್ನರ್ ಖಾಲಿ."

ಅಷ್ಟೇ. ಬ್ಯಾಗು ನೋಡಲಿಲ್ಲ, ಬಾಯಿ ಮೂಸಲಿಲ್ಲ, ಅಮ್ಮನ ಹತ್ತಿರ ದೂರು ಹೇಳಲಿಲ್ಲ. ವಾಪಸು ಬರುವಾಗ ಕೇಳಿದೆ, "ಸಂಶಯ ಇತ್ತಾ?" ಅವರು ಹೇಳಿದರು, "ಇತ್ತು. ಆದರೆ ಇವತ್ತು ಕೇಳಿದರೆ ಸುಳ್ಳು ಹೇಳ್ತಾನೆ. ಹತ್ತು ದಿನ ಆಡಲಿ, ಅವನೇ ಹೇಳ್ತಾನೆ." ಹೇಳಿದನೋ ಇಲ್ಲವೋ, ನಾನು ಮತ್ತೆ ಕೇಳಲಿಲ್ಲ. ಯಕ್ಷಗಾನ ಕಲಿಸುವ ಭಾಗವತರೊಬ್ಬರೂ ಇಂಥದೇ ಮಾತು ಹೇಳಿದ್ದರು. ನಿದ್ದೆ ಕೆಟ್ಟವನ ಹೆಜ್ಜೆ ತಾಳಕ್ಕೆ ಕೂರುವುದಿಲ್ಲ, ಅದು ಚೆಂಡೆ ಹಿಡಿದವನಿಗೆ ತಾಯಿಗಿಂತ ಮೊದಲು ಗೊತ್ತಾಗುತ್ತದೆ ಅಂತ.

ಹಾಗಂತ ಕ್ಲಬ್ಬುಗಳನ್ನು ತಲೆ ಮೇಲೆ ಹೊತ್ತು ಕುಣಿಯುವ ಹಾಗೂ ಇಲ್ಲ. ರಾತ್ರಿ ಲೈಟು ಹಾಕಿ ನಡೆಸುವ ಟೂರ್ನಿಗಳಲ್ಲಿ ಮೈದಾನದ ಹಿಂದೆ ಏನು ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ವಾರ್ಷಿಕೋತ್ಸವದ ಮರುದಿನ ಸ್ಟೇಜಿನ ಅಡಿಯಲ್ಲಿ ಸಿಗುವ ಖಾಲಿ ಪ್ಯಾಕೆಟ್ ಹೆಕ್ಕುವುದು ಅದೇ ಸಣ್ಣ ಮಕ್ಕಳು. ದೊಡ್ಡ ಅಣ್ಣಂದಿರು ಕುಡಿಯುವ ಕ್ಲಬ್ಬಿನಲ್ಲಿ ತಮ್ಮಂದಿರು ಕಲಿಯುವುದು ಕಬಡ್ಡಿ ಮಾತ್ರ ಅಲ್ಲ. ಇನ್ನೊಂದು ಕೊರತೆ ಇನ್ನೂ ದೊಡ್ಡದು. ಇವೆಲ್ಲ ಗಂಡು ಮಕ್ಕಳ ಜಾಗಗಳು. ಹುಡುಗಿಗೆ ನಾಲ್ಕರಿಂದ ಏಳರವರೆಗೆ ಮನೆಯ ಕೋಣೆ, ಮೊಬೈಲು. ಅವಳ ಮಟ್ಟಿಗೆ ಅಪಾಯ ಇಲ್ಲ ಅಂತ ಊರು ಅಂದುಕೊಂಡಿದೆ. ಸಿಕ್ಕಿಬಿದ್ದಾಗ ಹುಡುಗನಿಗಿಂತ ಹುಡುಗಿಯ ಮೇಲೆ ಬೀಳುವ ಕಲ್ಲು ಜಾಸ್ತಿ, ಅದಕ್ಕೇ ಅವಳ ವಿಷಯ ಮನೆಯಿಂದ ಹೊರಗೆ ಬರುವುದೇ ಇಲ್ಲ.

ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಮಳೆ ಕಳೆದ ಮೇಲೆ ತೋಡಿಗೆ ಕಟ್ಟ ಹಾಕುವ ಪದ್ಧತಿ ಹಿಂದಿನಿಂದ ಬಂದದ್ದು. ಕಲ್ಲು, ಮಣ್ಣು ಕೂಡಿಸಿ, ಒಂದರ ಹಿಂದೆ ಒಂದು ಸಾಲು ಕಟ್ಟ. ಒಂದೇ ಕಟ್ಟ ಎಷ್ಟು ಗಟ್ಟಿ ಇದ್ದರೂ ಬೇಸಿಗೆಗೆ ನೀರು ಉಳಿಯುವುದಿಲ್ಲ. ಮೇಲಿನವನು ಹಾಕದಿದ್ದರೆ ಕೆಳಗಿನವನ ತೋಟ ಒಣಗುತ್ತದೆ. ಕಬಡ್ಡಿ ಅಣ್ಣನೂ ಒಂದು ಕಟ್ಟ ಮಾತ್ರ. ಅವರು ಹಿಡಿದದ್ದನ್ನು ಗೂಡಂಗಡಿ ಬಿಟ್ಟುಬಿಟ್ಟರೆ ಮುಗಿಯಿತು.

ಅಂಗಡಿಯವರ ವಿಷಯದಲ್ಲಿ ಕಾನೂನು ಸ್ಪಷ್ಟ ಇದೆ. ಹೊಗೆಸೊಪ್ಪು ನಿಯಂತ್ರಣದ 2003ರ ಕೋಟ್ಪಾ ಕಾಯ್ದೆ ಪ್ರಕಾರ 18 ತುಂಬದವರಿಗೆ ಹೊಗೆಸೊಪ್ಪಿನ ವಸ್ತು ಮಾರುವ ಹಾಗಿಲ್ಲ. ಶಾಲೆ ಕಾಲೇಜಿನಿಂದ ನೂರು ಗಜದ ಒಳಗೆ ಯಾರಿಗೂ ಮಾರುವ ಹಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಖಡಕ್ಕು. ಮಗುವಿಗೆ ಮದ್ಯ, ಮಾದಕ ವಸ್ತು, ಹೊಗೆಸೊಪ್ಪು ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮದ್ಯ, ಮಾದಕ ವಸ್ತು ಸಾಗಿಸಲು, ಮಾರಲು ಮಗುವನ್ನು ಬಳಸಿದರೂ ಅಷ್ಟೇ ಶಿಕ್ಷೆ. ಗೂಡಂಗಡಿಯವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಬೀಡಿ ಸಿಗರೇಟಿಗೆ ಸಣ್ಣ ದಂಡ ಕಟ್ಟಿ ಬರಬಹುದು ಅಂತ ಅವರ ಲೆಕ್ಕ. ಪೊಲೀಸು ಹೋಗಿ ಹೇಳಿದರೆ ಜಗಳ ಆಗುತ್ತದೆ. ಅದೇ ಅಂಗಡಿಯಿಂದ ದಿನಾ ಹಾಲು, ಮೊಟ್ಟೆ ಕೊಳ್ಳುವ ಕುಟುಂಬಶ್ರೀಯ ಹತ್ತು ಹೆಂಗಸರು ಒಟ್ಟಿಗೆ ಹೋಗಿ, "ಭಾವ, ಇದು ಇಲ್ಲಿ ಬೇಡ" ಅಂದರೆ ಅದರ ತೂಕವೇ ಬೇರೆ. ಕೇರಳದ ಶಾಲೆಗಳಲ್ಲಿ ಸ್ಕೂಲ್ ಪ್ರೊಟೆಕ್ಷನ್ ಗ್ರೂಪ್ ಎಂಬ ಏರ್ಪಾಡು ಇದೆ. ಪೊಲೀಸ್, ಅಧ್ಯಾಪಕರು, ಪೋಷಕರ ಜೊತೆ ಅಂಗಡಿಯವರು, ಆಟೋದವರನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು. ಯೋಚನೆ ಒಳ್ಳೆಯದು. ವರ್ಷಕ್ಕೊಮ್ಮೆ ಸಹಿ ಹಾಕಲು ಕರೆದರೆ ಮಾತ್ರ ಏನೂ ಆಗದು. ಬಸ್ಸಿನ ಕಂಡಕ್ಟರಿಗೆ ಗೊತ್ತಿರುವಷ್ಟು ಸುದ್ದಿ ಯಾವ ಇಲಾಖೆಗೂ ಗೊತ್ತಿರುವುದಿಲ್ಲ. ಯಾವ ಹುಡುಗ ಶಾಲೆಯ ಸ್ಟಾಪಿನಲ್ಲಿ ಇಳಿಯದೆ ಮುಂದೆ ಹೋದ, ಯಾರು ಯೂನಿಫಾರ್ಮಿನ ಮೇಲೆ ಬೇರೆ ಶರ್ಟು ಹಾಕಿಕೊಂಡ, ಅವರೇ ಹೇಳಬೇಕು. ಅವರನ್ನು ಕೇಳುವವರು ಇಲ್ಲ.

ದಂಧೆಯವರು ಮಕ್ಕಳನ್ನೇ ಯಾಕೆ ಹಿಡಿಯುತ್ತಾರೆ ಎಂಬುದನ್ನೂ ಪೋಷಕರು ತಿಳಿದಿರಬೇಕು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ತೂಕದ ಮೇಲೆ. ಗಾಂಜಾ 1 ಕಿಲೋ ತನಕ ಸಣ್ಣ ಪ್ರಮಾಣ, 20 ಕಿಲೋದಿಂದ ಮೇಲೆ ವಾಣಿಜ್ಯ ಪ್ರಮಾಣ. ಎಂಡಿಎಂಎಗೆ ಇದೇ ಲೆಕ್ಕ ಅರ್ಧ ಗ್ರಾಮು ಮತ್ತು 10 ಗ್ರಾಮು. ಹತ್ತು ಗ್ರಾಮೆಂದರೆ ಎರಡು ಚಮಚ ಸಕ್ಕರೆಯಷ್ಟು, ಅದನ್ನು ದಾಟಿದರೆ ಕನಿಷ್ಠ 10 ವರ್ಷ ಜೈಲು. ಸ್ವಂತ ಜೇಬಿನಲ್ಲಿ ಇಡುವುದಕ್ಕಿಂತ ಹುಡುಗನ ಜ್ಯಾಮಿಟ್ರಿ ಬಾಕ್ಸಿನಲ್ಲಿ ಇಡುವುದು ದಂಧೆಯವನಿಗೆ ಕ್ಷೇಮ. ಮೊದಲು ಪುಕ್ಕಟೆ ಕೊಡುತ್ತಾರೆ, ಆಮೇಲೆ ಸಾಲ ಬರೆಯುತ್ತಾರೆ, ಸಾಲ ತೀರಿಸಲು "ಇದೊಂದು ಪೊಟ್ಟಣ ಅಲ್ಲಿಗೆ ಮುಟ್ಟಿಸು" ಅನ್ನುತ್ತಾರೆ. ಹುಡುಗ ಮನೆಯಲ್ಲಿ ಹೇಳದೇ ಇರುವುದು ಚಟಕ್ಕಿಂತ ಈ ಸಾಲದ ಹೆದರಿಕೆಗೆ.

ಗೊತ್ತಾದ ಮೇಲೆ

ಇಲ್ಲೇ ನಾವು ಎಡವುವುದು. ಮಗನ ಬ್ಯಾಗಿನಲ್ಲಿ ಏನೋ ಸಿಕ್ಕಿತು. ಮೊದಲು ಹೊಡೆತ. ಆಮೇಲೆ ಗುಟ್ಟು. ಶಾಲೆಗೆ ಗೊತ್ತಾದರೆ ಟಿಸಿ ಕೊಟ್ಟು ಕಳಿಸುವ ಮಾತು. ಕೇರಳದ ಕೆಲವು ಮಹಲ್ಲು ಸಮಿತಿಗಳು, ಅಂದರೆ ಮಸೀದಿಯ ಸುತ್ತಲಿನ ಜಮಾತಿನವರು, ಮಾದಕ ವಸ್ತು ಬಳಸುವವರ ಮದುವೆಗೆ ಸಹಕಾರ ಕೊಡುವುದಿಲ್ಲ ಎಂದು ತೀರ್ಮಾನ ಮಾಡಿದ್ದು ಸುದ್ದಿಯಾಗಿತ್ತು. ಸಿಟ್ಟು ಅರ್ಥವಾಗುತ್ತದೆ. ಹೆಣ್ಣು ಕೊಡುವವರನ್ನು ಎಚ್ಚರಿಸುವುದು ತಪ್ಪೂ ಅಲ್ಲ. ಆದರೆ ಹದಿನಾರರ ಹುಡುಗನ ಮನೆಯವರು ಅದರಿಂದ ಕಲಿಯುವ ಪಾಠ ಒಂದೇ: ಯಾರಿಗೂ ಹೇಳಬಾರದು. ಹೊರಗೆ ಹಾಕಿದ ಹುಡುಗನಿಗೆ ಕರೆದು ಕೂರಿಸುವ ಗುಂಪು ಒಂದೇ ಉಳಿಯುತ್ತದೆ, ಅದು ಯಾವುದೆಂದು ಹೇಳಬೇಕಾಗಿಲ್ಲ.

ಆಸ್ಪತ್ರೆಗೆ ಕರೆದೊಯ್ದರೆ ಕೇಸಾಗುತ್ತದೆ ಎಂಬ ಹೆದರಿಕೆ ತುಂಬಾ ಜನರಿಗಿದೆ. ಕಾನೂನು ಅದಕ್ಕೆ ಉಲ್ಟಾ ಇದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಹೋದರೆ ಅವನನ್ನು ವಿಚಾರಣೆಗೆ ಗುರಿಪಡಿಸುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಡಬಾರದು ಅಷ್ಟೇ. ಕೆಲಸ ಮಾಡಬೇಕಾದ ಕಲಮು ಇದು, ಆದರೆ ಯಾವ ಪೋಸ್ಟರಿನಲ್ಲೂ ನಾನು ಇದನ್ನು ಕಂಡಿಲ್ಲ.

ಚಿಕಿತ್ಸೆ ಎಲ್ಲಿ? ಜಿಲ್ಲೆಯ ವಿಮುಕ್ತಿ ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರದ ಕಡೆಯವರಿಗೆ ಅದು ಅರವತ್ತು ಕಿಲೋಮೀಟರಿನ ಆಸುಪಾಸು, ಮಾತು ಪೂರ್ತಿ ಮಲಯಾಳ. ಮಂಗಳೂರು ಅದಕ್ಕಿಂತ ಹತ್ತಿರ, ಮಾತೂ ಗೊತ್ತು. ಆದರೆ ರಾಜ್ಯ ಬೇರೆ, ಖಾಸಗಿಗೆ ಹೋದರೆ ಬಿಲ್ಲು ಬೇರೆ. 2019ರ ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳಿತ್ತು. ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತದೆ. ಗಡಿನಾಡಿನ ಕನ್ನಡ ಮನೆಗಳಲ್ಲಿ ಆ ಒಬ್ಬನ ದಾರಿ ಇನ್ನಷ್ಟು ಉದ್ದ.

ಹಾಗಾಗಿ ಫೋನ್ ನಂಬರುಗಳನ್ನು ಸರಿಯಾಗಿ ಬೇರ್ಪಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು. 14416 ಕೇಂದ್ರದ ಟೆಲಿ ಮಾನಸ್. 2022ರಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡಬಹುದು, ಪುಕ್ಕಟೆ. ನಮ್ಮ ಕಡೆಯವರಿಗೆ ಇದೇ ಅನುಕೂಲ. 14405 ವಿಮುಕ್ತಿಯದ್ದು, 14446 ಕೇಂದ್ರದ ವ್ಯಸನಮುಕ್ತಿ ಸಹಾಯವಾಣಿ. 1098 ಮಕ್ಕಳ ಸಹಾಯವಾಣಿ. 1933 ಮಾತ್ರ ಬೇರೆ ಜಾತಿ, ಅದು ಮುಖ್ಯವಾಗಿ ಮಾರುವವರ ಸುಳಿವು ಕೊಡುವುದಕ್ಕೆ. ಮಗನಿಗೆ ಸಹಾಯ ಬೇಕಾದವರು ಪೊಲೀಸರಿಗೆ ಸುಳಿವು ಕೊಡುವ ನಂಬರು ನೋಡಿ ಹೆದರಿ ಫೋನು ಕೆಳಗಿಡುವುದುಂಟು. ಇನ್ನೊಂದು, ದಿನಾ ಕುಡಿದು ಮೈಗೆ ಒಗ್ಗಿಸಿಕೊಂಡವನನ್ನು ಮನೆಯಲ್ಲಿ ಕೂಡಿಹಾಕಿ ಏಕಾಏಕಿ ಬಿಡಿಸಲು ಹೋಗಬಾರದು. ನಡುಕ, ಅಪಸ್ಮಾರ ಬಂದು ಜೀವಕ್ಕೇ ಅಪಾಯ ಆಗಬಹುದು. ಅದು ಡಾಕ್ಟರರ ಕೆಲಸ.

ಮೆಡಿಕಲಿನಿಂದ ಕಿಟ್ ತಂದು ಮಗನ ಮೂತ್ರ ಪರೀಕ್ಷೆ ಮಾಡಿದ ಅಪ್ಪನೊಬ್ಬರು ನನಗೆ ಗೊತ್ತು. ಫಲಿತಾಂಶದಲ್ಲಿ ಏನೂ ಇರಲಿಲ್ಲ. ಹುಡುಗ ಅಪ್ಪನ ಜೊತೆ ಒಟ್ಟಿಗೆ ಊಟಕ್ಕೆ ಕೂರುವುದು ಆವತ್ತಿಗೇ ನಿಂತಿತು. ನಿದ್ದೆಯ ಹೊತ್ತು ಬದಲಾದದ್ದು, ಹಳೇ ಗೆಳೆಯರು ದೂರವಾದದ್ದು, ಇಷ್ಟದ ಆಟ ಬಿಟ್ಟದ್ದು, ದುಡ್ಡಿನ ಲೆಕ್ಕ ತಪ್ಪಿದ್ದು, ಇವನ್ನು ನೋಡುತ್ತಾ ಇರಬೇಕು ನಿಜ. ಆದರೆ ಇವುಗಳಲ್ಲಿ ಅರ್ಧ ಬರೀ ಹದಿನೈದು ವರ್ಷ ವಯಸ್ಸಿನ ಲಕ್ಷಣವೂ ಹೌದು.

ಆ ಪಿಟಿಎ ಸಭೆಯ ಜಾಥಾ ನಡೆಯಿತು. ನೂರೈವತ್ತು ಮಕ್ಕಳು, ಎರಡು ಬ್ಯಾನರ್, ಮಧ್ಯಾಹ್ನದ ಬಿಸಿಲು. ಅದಾದ ಮೇಲೆ ನಾಲ್ಕೈದು ತಾಯಂದಿರು ಸೇರಿ ಬೇರೆ ಒಂದು ಬೇಡಿಕೆ ಇಟ್ಟರು. ಶಾಲೆಯ ಮೈದಾನದ ಗೇಟು ಸಂಜೆ ಏಳರವರೆಗೆ ತೆರೆದಿಡಿ, ಎರಡು ಲೈಟು ಹಾಕಿಸಿ, ವಾರಕ್ಕೆ ಮೂರು ದಿನ ಹೆಣ್ಣು ಮಕ್ಕಳಿಗೆ ಬಿಟ್ಟುಕೊಡಿ, ಸರದಿ ಪ್ರಕಾರ ನಾವೇ ಬಂದು ಕೂರುತ್ತೇವೆ ಅಂತ. ಹೆಡ್‌ಮಾಸ್ಟ್ರು ಒಪ್ಪಿದರು. ವಾರ್ಡ್ ಮೆಂಬರ್ ಕಂಬ ಹಾಕಿಸಿ ಕೊಟ್ಟರು. ಬಾಟ್ಲಿ ನೋಡಿ ಚಪ್ಪಲಿ ಬಾಕ್ಸಿನದ್ದು ಎಂದಿದ್ದ ತಾಯಿಗೆ ಬುಧವಾರದ ಸರದಿ. ನಾನು ಹೋದ ದಿನ ಅವರು ಮೆಟ್ಟಿಲ ಮೇಲೆ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದರು, ಕಣ್ಣು ಮೈದಾನದ ಮೇಲೆ. ಲೈಟು ಇನ್ನೂ ಉರಿಯುತ್ತಿರಲಿಲ್ಲ. ಕರೆಂಟ್ ಬಿಲ್ಲು ಶಾಲೆಯ ಹೆಸರಿನಲ್ಲಿ ಬರಬೇಕೋ ಪಂಚಾಯತಿನ ಹೆಸರಿನಲ್ಲೋ ಎಂದು ಎರಡು ತಿಂಗಳಿಂದ ಕಾಗದ ಓಡಾಡುತ್ತಿದೆ. ಸದ್ಯಕ್ಕೆ ಆರೂಕಾಲಿಗೆ ಚೆಂಡು ಕಾಣದಾದಾಗ ಆಟ ನಿಲ್ಲುತ್ತದೆ.